ಸಿಡಿಲಿನಿಂದ ಮನೆಮಂದಿಯ ರಕ್ಷಣೆ

ಕನ್ನಡ ಸೀಮೆಯಲ್ಲಿ ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಸಿಡಿಲು ಬಡಿದು ಜನರೂ ದನಗಳೂ ಸಾಯುವುದುಂಟು. ಹೊಲದಲ್ಲಿರುವವರು ಮಳೆಗೆ ಅಂಜಿ ಒಂಟಿಮರದಡಿಯಲ್ಲಿ ನಿಲ್ಲುವುದು ಇದಕ್ಕೆ ದೊಡ್ಡ ಕಾರಣವು. ಮರಕ್ಕೆ ಎರಗಿದ ಸಿಡಿಲು ಬುಡದ ಸುತ್ತಲೂ ನೆಲದಲ್ಲಿ ಹರಡುವುದರಿಂದ ಅಲ್ಲಿ ಕಟ್ಟಿದ ದನಗಳಿಗೂ ಅಪಾಯವು.

ಶಬ್ದವು ಸುಮಾರು 3 ಸೆಕೆಂಡಿಗೆ 1 ಕಿಲೋಮೀಟರು ಸಾಗುವುದು. ಆದಕಾರಣ ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆಯೆಂದು ತಿಳಿದು ಕೂಡಲೇ ಗಟ್ಟಿ ಮನೆಯನ್ನು ಸೇರತಕ್ಕದ್ದು. ಕಡೆಯ ಗುಡುಗಿನ ತರುವಾಯ 30 ನಿಮಿಷ ಹೊರಗೆ ಬರಕೂಡದು. ತಂತಿಬೇಲಿಯನ್ನೂ ಪಂಪಿನ ಸ್ವಿಚ್ಚನ್ನೂ ಮುಟ್ಟಕೂಡದು.

ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಎದೆಯನ್ನೊತ್ತಿ ಕೃತಕ ಉಸಿರು ಕೊಡುತ್ತ ಆಸ್ಪತ್ರೆಗೆ ಸಾಗಿಸಬೇಕು. ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ಕೂಲಿಯಾಳುಗಳಿಗೂ ದನಗಾಹಿಗಳಿಗೂ ಮುಂಚಿತವಾಗಿ ತಿಳಿಯಪಡಿಸುವುದು ಅವಶ್ಯಕವು.