ದೇಹದ ಗಡಿಯಾರ ಇನ್ನೂ ಬೆಂಗಳೂರಿನಲ್ಲೇ

ಡಿಸೆಂಬರ್‌ನಲ್ಲಿ ಮೊದಲ ಸಲ ಸಿಡ್ನಿಯ ಮಗಳ ಮನೆಗೆ ಹೊರಟಿರುವ ಓದುಗರೊಬ್ಬರು ಕೇಳಿದ್ದಾರೆ: "ಹೋದ ದಿನವೇ ಬೆಳ್ಳಂಬೆಳಿಗ್ಗೆ ಬಿಸಿಲಿನಲ್ಲಿ ಓಡಾಡಿದರೆ ಜೆಟ್ ಲ್ಯಾಗ್ ಹೋಗುತ್ತದೆ ಎನ್ನುತ್ತಾರೆ, ನಿಜವೇ?" ಬೆಳಕೇ ಮದ್ದು ಎನ್ನುವುದು ನಿಜ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದ ಬೆಳಕು ತೊಂದರೆಯನ್ನು ಇನ್ನಷ್ಟು ಎಳೆಯುತ್ತದೆ.

ದೇಹದೊಳಗೆ ಸ್ವಂತ ಗಡಿಯಾರವಿದೆ ಎನ್ನುವುದರ ಮೊದಲ ಸುಳಿವು ಕೊಟ್ಟದ್ದು ಒಂದು ಗಿಡ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ನಮ್ಮ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲಿನ ಸೋಂಕೇ ಇಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಂಡವು, ರಾತ್ರಿ ಮುದುಡಿದವು. ಮನುಷ್ಯರಲ್ಲೂ ಹೀಗೆಯೇ ಎಂದು ತೋರಿಸಿದ ಪ್ರಯೋಗಗಳಲ್ಲಿ ನಮ್ಮವರದೂ ಪಾಲಿದೆ. ಮಧುರೆ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಅವರು ಹೊರಗಿನ ಹಗಲು ರಾತ್ರಿ ತಿಳಿಯದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ, ಅವರ ನಿದ್ದೆ ಎಚ್ಚರಗಳ ಲೆಕ್ಕವಿಟ್ಟರು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು ಈ ವಿದ್ಯೆಯನ್ನು ಇಲ್ಲಿಯೂ ಬೆಳೆಸಿದರು.

ಗಡಿಯಾರ ಇರುವ ಜಾಗ ಗೊತ್ತಾದದ್ದು 1972ರಲ್ಲಿ. ಎರಡು ಕಣ್ಣುಗಳ ನರಗಳು ಮಿದುಳಿನಲ್ಲಿ ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆಯೇ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಅದು ಯಕ್ಷಗಾನದ ಭಾಗವತರ ಹಾಗೆ. ಜಾಗಟೆ ಅವರ ಕೈಯಲ್ಲಿ, ಆದರೆ ಚೆಂಡೆ, ಮದ್ದಳೆಗಳಿಗೂ ಅವುಗಳದೇ ಕೈಗಳಿವೆ. ಯಕೃತ್ತು, ಕರುಳು, ಸ್ನಾಯು ಎಲ್ಲದರಲ್ಲೂ ಸ್ವಂತ ಗಡಿಯಾರಗಳಿವೆ. ಭಾಗವತರು ಬೆಳಕನ್ನು ನೋಡಿ ತಾಳ ಬದಲಿಸುತ್ತಾರೆ. ಯಕೃತ್ತು ಹೆಚ್ಚಾಗಿ ಊಟದ ಹೊತ್ತನ್ನು ನೋಡಿ ಬದಲಿಸುತ್ತದೆ. ಸಿಡ್ನಿಯ ಮೊದಲ ದಿನ ತಲೆ ಭಾರವಾಗಿ, ಹಸಿವು ಕೆಟ್ಟು, ನಡುರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುವುದು ಇದರಿಂದಲೇ. ಹಿಮ್ಮೇಳದಲ್ಲಿ ಒಬ್ಬೊಬ್ಬರದೂ ಒಂದೊಂದು ತಾಳ.

ಹೊರಗಿನ ಸುಳಿವಿಲ್ಲದೆ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರ ಒಳಗಡಿಯಾರ 24 ಗಂಟೆಗಿಂತ ತುಸು ಉದ್ದದ ದಿನವನ್ನು ನಡೆಸುತ್ತದೆ. ಹಾಗಾಗಿ ದಿನವನ್ನು ಹಿಗ್ಗಿಸುವುದು ಸಲೀಸು, ಕುಗ್ಗಿಸುವುದು ಕಷ್ಟ. ದಿನ ಹಿಗ್ಗುವ ಪಶ್ಚಿಮಕ್ಕೆ, ಲಂಡನ್ನಿಗೆ ಹೋದವರು ಬೇಗ ಸುಧಾರಿಸಿಕೊಳ್ಳುವುದೂ, ದಿನ ಕುಗ್ಗುವ ಪೂರ್ವಕ್ಕೆ ಹೋದವರು ಒದ್ದಾಡುವುದೂ ಇದರಿಂದ.

ಈಗ ಸಿಡ್ನಿಯ ಲೆಕ್ಕ. ದೇಹದ ಉಷ್ಣತೆ ತೀರಾ ಇಳಿಯುವುದು ನಾವು ರೂಢಿಯಲ್ಲಿ ಏಳುವುದಕ್ಕೆ ಸುಮಾರು ಎರಡು ಗಂಟೆ ಮೊದಲು. ಆರೂವರೆಗೆ ಏಳುವವರಿಗೆ ಅದು ನಾಲ್ಕೂವರೆ. ಆ ಗಳಿಗೆಗೆ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ಬಿದ್ದದ್ದು ಮುಂದಕ್ಕೆ. ಡಿಸೆಂಬರ್‌ನಲ್ಲಿ ಸಿಡ್ನಿ ನಮಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಬೆಂಗಳೂರಿನ ನಾಲ್ಕೂವರೆ ಎಂದರೆ ಅಲ್ಲಿ ಬೆಳಿಗ್ಗೆ ಹತ್ತು. ಅಲ್ಲಿನ ಏಳು ಗಂಟೆಯ ಎಳೆಬಿಸಿಲಿಗೆ ಹೋದರೆ ಗಡಿಯಾರ ಬೇಕಾದ ದಿಕ್ಕಿಗೆ ವಿರುದ್ಧವಾಗಿ ಸರಿಯುತ್ತದೆ. ಮೊದಲ ಬೆಳಿಗ್ಗೆ ಪರದೆ ಎಳೆದು ಒಳಗೇ ಇರಿ, ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ ಹಾಕಿ. ಹತ್ತೂವರೆ, ಹನ್ನೊಂದರ ಮೇಲೆ ಚೆನ್ನಾಗಿ ಬೆಳಕಿನಲ್ಲಿ ಓಡಾಡಿ. ಮರುದಿನದಿಂದ ದಿನಕ್ಕೆ ಒಂದೊಂದು ಗಂಟೆ ಬೇಗ ಬೆಳಕಿಗೆ ಹೋಗಿ. ಊಟ ಮಾತ್ರ ಮೊದಲ ದಿನದಿಂದಲೇ ಅಲ್ಲಿನ ಹೊತ್ತಿಗೆ ಆಗಲಿ.

ಒಂದೇ ದಿನದಲ್ಲಿ ಜೆಟ್ ಲ್ಯಾಗ್ ಮಾಯ ಎನ್ನುವ ಮಾತ್ರೆ, ಪಾನೀಯಗಳ ಜಾಹೀರಾತನ್ನು ನಂಬಬೇಡಿ. ಗಡಿಯಾರ ಸರಿಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಮೆಲಟೋನಿನ್ ಎಂಬ ಹಾರ್ಮೋನಿನ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ಆದರೆ ಅದನ್ನೂ ಹೊತ್ತು ನೋಡಿಯೇ ತೆಗೆದುಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಟಿಕೆಟ್ ಕೈಗೆ ಬಂದ ಕೂಡಲೇ ಡೋಸುಗಳ ವೇಳೆಯನ್ನು ವೈದ್ಯರ ಹತ್ತಿರ ಬರೆಸಿಕೊಳ್ಳಿ. ಇಳಿದ ದಿನ ಯಾರೂ ಕಾರು ಓಡಿಸಬೇಡಿ.