ನೆಲಮಂಗಲದ ಕವಲಿನಲ್ಲಿ ಕ್ಯಾರವಾನ್ ಎಂಜಿನ್ ರಿಪೇರಿ

ಬೆಂಗಳೂರಿನಿಂದ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ತುಮಕೂರು, ಹುಬ್ಬಳ್ಳಿ ದಾಟಿ ಪುಣೆ ಕಡೆಗೆ. ಇನ್ನೊಂದು ಎಡಕ್ಕೆ ಹೊರಳಿ ಕುಣಿಗಲ್, ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಈಗಿನ ಲೆಕ್ಕದಲ್ಲಿ ಪುಣೆಯದು 48, ಮಂಗಳೂರಿನದು 75. ಹಳೆಯ ಡ್ರೈವರುಗಳ ಬಾಯಲ್ಲಿ ಇವು ಇನ್ನೂ 4 ಮತ್ತು 48. ಹಾಗಾಗಿ ಇಲ್ಲಿ ನಿಂತು '48 ಎಲ್ಲಿ ಅಣ್ಣ?' ಎಂದು ಕೇಳುವವರು ಉತ್ತರ ಕೊಟ್ಟವರ ವಯಸ್ಸನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎರಡು ಹೆದ್ದಾರಿ ಕೂಡುವ ಕಡೆ ಲಾರಿ ನಿಲ್ಲುತ್ತದೆ. ಲಾರಿ ನಿಂತ ಕಡೆ ಗ್ಯಾರೇಜ್ ಹುಟ್ಟುತ್ತದೆ. ಅರಿಶಿನಕುಂಟೆಯಿಂದ ಟಿ. ಬೇಗೂರಿನ ಕಡೆಗೆ ನಡೆದರೆ ಟೈರ್‌ನವರು, ಸ್ಪ್ರಿಂಗ್ ಪಟ್ಟಿಯವರು, ರೇಡಿಯೇಟರ್ ಬೆಸುಗೆಯವರು, ಲೇತ್‌ನವರು, ಡೀಸೆಲ್ ಪಂಪ್ ಕೆಲಸದವರು ಸಿಗುತ್ತಾರೆ. ಇಲ್ಲಿನ ನೆಲಕ್ಕೆ ಬಣ್ಣವೇ ಇಲ್ಲ, ಎಲ್ಲವೂ ಹಳೇ ಎಂಜಿನ್ ಆಯಿಲ್ ಕುಡಿದ ಕಪ್ಪು. ನಾನು ಬಂದದ್ದು ಲಾರಿ ನೋಡಲಿಕ್ಕಲ್ಲ. ಒಳಗೆ ಹಾಸಿಗೆ, ಸ್ಟೌ, ಸಿಂಕು, ಪುಟ್ಟ ಬಚ್ಚಲು ಎಲ್ಲ ಇರುವ ಒಂದು ಹಳೆಯ ಟೆಂಪೋ ಟ್ರಾವೆಲರ್ ಇಲ್ಲೊಂದು ಶೆಡ್ಡಿನಲ್ಲಿ ಬಾನೆಟ್ ತೆರೆದು ನಿಂತಿತ್ತು. ಮಾಲೀಕರ ಅಳಲು ಎರಡೇ: ಘಾಟಿಯಲ್ಲಿ ಎಳೆಯುವುದಿಲ್ಲ, ಡೀಸೆಲ್ ಕುಡಿಯುತ್ತದೆ. ದೊಡ್ಡ ಎಂಜಿನ್ ಹಾಕಿಸಿದರೆ ಎರಡೂ ತೀರುತ್ತವೆ ಎಂಬುದು ಅವರ ಲೆಕ್ಕ.

ಮೇಸ್ತ್ರಿ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. "ಮೊದ್ಲು ಒಳಗಡೆ ಏನೇನ್ ತುಂಬ್ಸಿದೀರ ತೋರ್ಸಿ ಸಾರ್" ಎಂದರು.

ತೋರಿಸಿದರು. 150 ಲೀಟರಿನ ನೀರಿನ ಟ್ಯಾಂಕ್. ತುಂಬಿದರೆ ಅದೊಂದೇ ಒಂದೂವರೆ ಕ್ವಿಂಟಾಲ್. ಮನೆಯ ಇನ್ವರ್ಟರಿಗೆ ಹಾಕುವಂಥ ಎರಡು ದೊಡ್ಡ ಬ್ಯಾಟರಿ ಸೇರಿದರೆ ಇನ್ನೊಂದು ಕ್ವಿಂಟಾಲ್. ಕಪಾಟುಗಳೆಲ್ಲ 18 ಎಂಎಂ ಪ್ಲೈವುಡ್, ಎಂಟಡಿ ನಾಲ್ಕಡಿಯ ಒಂದು ಹಲಗೆಯೇ ಮೂವತ್ತು ಕೆಜಿ ದಾಟುತ್ತದೆ. ಮನೆಗೆ ಕೆಲಸ ಮಾಡುವ ಬಡಗಿಯೇ ಗಾಡಿಗೂ ಮಾಡಿದ್ದರು, ಮನೆಗೆ ಮಾಡಿದಷ್ಟೇ ಗಟ್ಟಿಯಾಗಿ. ಮೇಲೆ ಎಸಿ, ಅದರ ಪಕ್ಕ ಲಗೇಜ್ ಕ್ಯಾರಿಯರ್. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ಗಂಟೆಗೆ 60 ಕಿ.ಮೀ.ನಿಂದ 80ಕ್ಕೆ ಹೋದರೆ ತಡೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ತುಮಕೂರು ರಸ್ತೆಯ ಸಪಾಟು ಜಾಗದಲ್ಲಿ ಡೀಸೆಲ್ ತಿನ್ನುವುದು ಈ ಗಾಳಿ. ಶಿರಾಡಿಯ ಏರಿನಲ್ಲಿ ತಿನ್ನುವುದು ಭಾರ. ಎರಡಕ್ಕೂ ಎಂಜಿನ್ನನ್ನೇ ಬೈದರೆ ಹೇಗೆ?

ಆದರೂ ಆ ಎಂಜಿನ್ ಬಗ್ಗೆ ಹೇಳುವುದಿದೆ. ಟ್ರಾವೆಲರ್‌ನ ಎಂಜಿನ್ ಮೂಲತಃ ಜರ್ಮನಿಯ ಮರ್ಸಿಡಿಸ್‌ನ ಓಎಂ 616 ವಂಶದ್ದು; ಆಗಿನ ಬಜಾಜ್ ಟೆಂಪೋ, ಈಗಿನ ಫೋರ್ಸ್ ಮೋಟರ್ಸ್, ಅದನ್ನು ಇಲ್ಲಿ ತಯಾರಿಸಿತು. ಮರ್ಸಿಡಿಸ್ ಕಾರಿನಲ್ಲಿ 2.4 ಲೀಟರಿನ ಆ ಎಂಜಿನ್ ಟರ್ಬೊ ಇಲ್ಲದೆ ಎಪ್ಪತ್ತರ ಆಸುಪಾಸು ಅಶ್ವಶಕ್ತಿ ಕೊಡುತ್ತಿತ್ತು. ಅದೇ ವಂಶದ ಇಂದಿನ 2.6 ಲೀಟರಿನ ಕಾಮನ್ ರೈಲ್ ಎಂಜಿನ್ ಟರ್ಬೊ, ಇಂಟರ್‌ಕೂಲರ್‌ಗಳ ಬಲದಿಂದ 115ಕ್ಕೆ ಬಂದಿದೆ. ಗಾತ್ರ ಬೆಳೆದದ್ದು ಅಷ್ಟಕ್ಕಷ್ಟೆ; ಬೆಳೆದದ್ದು ಒಳಗೆ ಹೋಗುವ ಗಾಳಿ.

ಗಾಳಿಯ ವಿಷಯ ನಮ್ಮ ಕಡೆಯವರಿಗೆ ಮುಖ್ಯ. ಬೆಂಗಳೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ. 8ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಹುಟ್ಟಾ ಸ್ವಲ್ಪ ಉಸಿರು ಕಡಿಮೆಯದು. ಎಳೆತ ಸಾಲದು ಎಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಟ್ಟರೆ, ಸುಡಲು ಗಾಳಿ ಇಲ್ಲದ ಡೀಸೆಲ್ ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಹೆದ್ದಾರಿಯಲ್ಲಿ ಕಪ್ಪು ಹೊಗೆ ಬಿಡುತ್ತಾ ಹೋಗುವ ಲಾರಿಯನ್ನು ಕಂಡು 'ಏನ್ ಪಿಕಪ್!' ಎನ್ನುವವರಿದ್ದಾರೆ. ಅದು ಪಿಕಪ್ ಅಲ್ಲ, ಮಾಲೀಕನ ದುಡ್ಡು.

ಶೆಡ್ಡಿನಿಂದ ನಾಲ್ಕು ಅಂಗಡಿ ಆಚೆ ಪಂಪ್ ರೂಮು. ಇಡೀ ಸಾಲಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಅಂಗಡಿ ಇದೊಂದೇ, ಯಾಕೆಂದರೆ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್ಲಿನೊಳಗೆ ಒಂದು ಕಣ ಧೂಳು ಸೇರಿದರೂ ಕೆಲಸ ಕೆಟ್ಟಂತೆ. ಟ್ರಾವೆಲರ್‌ನ ನಾಲ್ಕು ನಾಜಲ್ ಬಿಚ್ಚಿ ಒಂದೊಂದನ್ನೇ ಟೆಸ್ಟರಿಗೆ ಕಟ್ಟಿ ಲಿವರ್ ಒತ್ತಿದರು. ಒಳ್ಳೆಯದು ಮಂಜಿನಂತೆ ಹರಡಿತು. ಎರಡು ಮಾತ್ರ ದಾರದಂತೆ ಸುರಿದವು, ಒಂದು ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ದಾರದಂತೆ ಬಿದ್ದ ಡೀಸೆಲ್ ಪೂರ್ತಿ ಸುಡುವುದಿಲ್ಲ. ಸಿಲಿಂಡರಿನ ಗೋಡೆ ತೊಳೆದು ಕೆಳಗಿಳಿದು ಎಂಜಿನ್ ಆಯಿಲ್ಲನ್ನೂ ತೆಳುವಾಗಿಸುತ್ತದೆ. ನಾಲ್ಕೂ ನಾಜಲ್ ಹೊಸದು, ಪಂಪ್ ಬೆಂಚಿನ ಮೇಲಿಟ್ಟು ನಾಲ್ಕೂ ಲೈನಿಗೆ ಡೀಸೆಲ್ ಸಮವಾಗಿ ಹೋಗುವಂತೆ ಕ್ಯಾಲಿಬ್ರೇಷನ್, ಟ್ಯಾಪೆಟ್ ಅಡ್ಜಸ್ಟ್, ಏರ್ ಫಿಲ್ಟರ್ ಬದಲು, ಎಳೆದು ಹಿಡಿಯುತ್ತಿದ್ದ ಹಿಂದಿನ ಬ್ರೇಕ್ ಸಡಿಲ: ಆ ಗಾಡಿಗೆ ಮೇಸ್ತ್ರಿ ಬರೆದುಕೊಟ್ಟ ಚೀಟಿ ಇಷ್ಟೇ. ಮಾಲೀಕರ ಮುಖದಲ್ಲಿ ಸ್ವಲ್ಪ ನಿರಾಸೆಯೇ ಕಂಡಿತು.

ಎಂಜಿನ್ ಬದಲಾಯಿಸುವ ಕೆಲಸವೂ ಈ ಸಾಲಿನಲ್ಲಿ ನಡೆಯುತ್ತದೆ. ಪಕ್ಕದಲ್ಲೇ ಒಂದು ಟಾಟಾ 407ರ ಎಂಜಿನ್ ಸರಪಳಿಯಲ್ಲಿ ನೇತಾಡುತ್ತಿತ್ತು. 497 ಎಂಬ ಎಂಜಿನ್. ನಾಲ್ಕು ಸಿಲಿಂಡರು, 97 ಎಂಎಂ ಬೋರು, ಹೆಸರಿನಲ್ಲೇ ಅಳತೆ. 697 ಎಂದರೆ ಅದೇ ಬೋರಿನ ಆರು ಸಿಲಿಂಡರು. ಟರ್ಬೊ ಇಲ್ಲದ 497 ತೆಗೆದು ಅದೇ ಕುಟುಂಬದ ಟರ್ಬೊ ಇರುವುದನ್ನು ಕೂರಿಸುವುದು ಕೈಕೆಲಸಕ್ಕೆ ಕಷ್ಟವಲ್ಲ. ಆದರೆ ರೇಡಿಯೇಟರ್, ಕ್ಲಚ್ ಪ್ಲೇಟ್, ಗೇರ್‌ಬಾಕ್ಸ್, ಹಿಂದಿನ ಕ್ರೌನ್ ಎಲ್ಲವೂ ಹಳೆಯ ಎಳೆತಕ್ಕೆ ಅಳೆದು ಮಾಡಿದವು. ದೊಡ್ಡ ಎಂಜಿನ್ ಜೊತೆಗೆ ಏನೆಲ್ಲ ಬೇಕು ಎಂಬುದಕ್ಕೆ ಉದಾಹರಣೆ ದೂರವಿಲ್ಲ: ಇದೇ ಹೆದ್ದಾರಿ 75 ಬೆಂಗಳೂರನ್ನು ದಾಟಿ ಪೂರ್ವಕ್ಕೆ ಹೊಸಕೋಟೆಗೆ ಹೋಗುತ್ತದೆ. ಅಲ್ಲಿ 1998ರಿಂದ ವೋಲ್ವೊ ಕಾರ್ಖಾನೆ ಇದೆ. 2001ರಲ್ಲಿ ಬಂದ ಬಿ7ಆರ್ ಬಸ್ಸು ನಮ್ಮ ರಾತ್ರಿ ಪ್ರಯಾಣವನ್ನೇ ಬದಲಿಸಿತು. ಅದರ ಏಳು ಲೀಟರ್ ಎಂಜಿನ್ ದೊಡ್ಡದಿತ್ತು ನಿಜ, ಆದರೆ ಅದಕ್ಕೆ ತಕ್ಕ ಗೇರ್‌ಬಾಕ್ಸು, ಆಕ್ಸೆಲ್ಲು, ಬ್ರೇಕು ಕಾರ್ಖಾನೆಯಲ್ಲೇ ಜೊತೆಗೆ ಕೂತಿದ್ದವು.

ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹತ್ತಕ್ಕಿಂತ ಕಡಿಮೆ ಇಲ್ಲದಷ್ಟು ವಾಣಿಜ್ಯ ವಾಹನ ಇರುವ ಮಾಲೀಕರಿಗೆ, ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು; ಹಾಗೆ ಬದಲಿಸಿದರೂ 14 ದಿನದೊಳಗೆ ವರದಿ ಮಾಡಬೇಕು. ಒಂದೇ ಕ್ಯಾರವಾನ್ ಇಟ್ಟುಕೊಂಡವರು ಆ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದ ಗಾಡಿ ಘಾಟಿಯಲ್ಲಿ ಅಪಘಾತಕ್ಕೆ ಸಿಕ್ಕರೆ ವಿಮೆಯವರು ಮೊದಲು ಕೇಳುವುದು ಅದನ್ನೇ.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳ ಮಾತೇ ಬೇರೆ. ಅಲ್ಲಿ ತಿರುಗಿಸಲು ಸ್ಕ್ರೂ ಇಲ್ಲ, ಕಂಪ್ಯೂಟರ್ ಇದೆ. ಅದಕ್ಕೆ ಹೊಸ ಮ್ಯಾಪು ತುಂಬಿ ಶಕ್ತಿ ಏರಿಸಿಕೊಡುತ್ತೇವೆ ಎನ್ನುವವರು ಮಸಿ ಹಿಡಿಯುವ ಫಿಲ್ಟರನ್ನೂ ತೆಗೆದುಹಾಕಲು ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಟ್ರಾವೆಲರ್ ಸಂಜೆಗೆ ಸಿದ್ಧವಾಯಿತು. ದಾಬಸ್‌ಪೇಟೆಯವರೆಗೆ ಓಡಿಸಿ, ಎಡಕ್ಕೆ ಶಿವಗಂಗೆಯ ಏರಿನತ್ತ ತಿರುಗಿಸಿ ನೋಡಿದರು. ನೀರಿನ ಟ್ಯಾಂಕ್ ಖಾಲಿ ಮಾಡಿಯೇ ಹೊರಟಿದ್ದರು ಮೇಸ್ತ್ರಿ, ಜಾಣ. ಹೊಗೆ ನಿಂತಿತ್ತು, ಎಳೆತ ಸುಧಾರಿಸಿತ್ತು. ಅದು ಲಾರಿಯ ವೇಗಕ್ಕೆ ಹತ್ತಿತೇ ಹೊರತು ಕಾರಿನ ವೇಗಕ್ಕಲ್ಲ, ಹತ್ತುವುದೂ ಬೇಡ. ಕ್ಯಾರವಾನ್‌ಗೆ ಹೊಸ ಎಂಜಿನ್ ಹಾಕಿಸುವ ಯೋಚನೆ ಇರುವವರು ಮೊದಲು ತುಂಬಿದ ಗಾಡಿಯನ್ನು ಹತ್ತಿರದ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕದ ಚೀಟಿ ಪಡೆಯಿರಿ. ನಂತರ ಪಂಪು, ನಾಜಲ್ ತೋರಿಸಿ. ಅಷ್ಟಾಗಿಯೂ ಎಂಜಿನ್ನೇ ಬೇಕೆನಿಸಿದರೆ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ.