ನಡಾವಳಿ ಪುಸ್ತಕದ ಅಕ್ಷರ ಯಾರದು?

ಮಧುಗಿರಿ ಸೀಮೆಯ ಯಾವ ಹಳ್ಳಿಯಲ್ಲಾದರೂ ಮಹಿಳಾ ಸಂಘದ ವಾರದ ಸಭೆಗೆ ಹೋಗಿ ಕೂತು ನೋಡಿ. ಚಾಪೆಯ ನಡುವೆ ಒಂದು ಪೆಟ್ಟಿಗೆ. ಅದರೊಳಗೆ ಉಳಿತಾಯದ ಲೆಡ್ಜರು, ಸಾಲದ ಲೆಡ್ಜರು, ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲದರ ಮೇಲೆ ರಟ್ಟು ಸವೆದ ನಡಾವಳಿ ಪುಸ್ತಕ. ಈ ಪುಸ್ತಕ ಓದುವುದನ್ನೇ ಕಸುಬು ಮಾಡಿಕೊಂಡವರು ಕೆಲವರಿದ್ದಾರೆ. ಸರ್ಕಾರಿ ಆದೇಶದಲ್ಲಿ ಅವರು ‘ಸಂಪನ್ಮೂಲ ವ್ಯಕ್ತಿ’, ಪಟ್ಟಣದಲ್ಲಿ ‘ಕನ್ಸಲ್ಟೆಂಟ್’, ಹಳ್ಳಿಯ ಬಾಯಲ್ಲಿ ‘ಟ್ರೈನಿಂಗ್ ಮೇಷ್ಟ್ರು’.

ಮೇಷ್ಟ್ರು ಮೊದಲು ನೋಡುವುದು ಅಕ್ಷರ. ನಾಲ್ಕು ವಾರದ ನಡಾವಳಿ ಒಂದೇ ಶಾಯಿಯಲ್ಲಿ, ಒಂದೇ ಓಘದಲ್ಲಿ ಇದ್ದರೆ ಅದು ಒಂದೇ ರಾತ್ರಿ ಬರೆದದ್ದು. ಕೆಳಗೆ ಸಹಿ ಬಿದ್ದು ಮೇಲೆ ಜಾಗ ಖಾಲಿ ಇದ್ದರೆ ಠರಾವು ಇನ್ನು ಮುಂದೆ ಹುಟ್ಟಬೇಕಿದೆ. ವರ್ಷಪೂರ್ತಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದಷ್ಟೇ ಇದ್ದರೆ ಅವರಿಗೆ ಅನುಮಾನ. ಹದಿನೈದು ಹೆಂಗಸರು ಸೇರಿದ ಕಡೆ ಒಂದು ಸಲವೂ ಜಗಳವಾಗಿಲ್ಲವೆಂದರೆ ಅಲ್ಲಿ ಯಾರೋ ಒಬ್ಬರೇ ಮಾತಾಡುತ್ತಿದ್ದಾರೆ.

ಸ್ವಯಂಸೇವಾ ಸಂಸ್ಥೆಗಳಿಗೆ, ಸಂಘಗಳಿಗೆ ಒರಗಿಕೊಳ್ಳಲು ಹೆಗಲು ಕೊಟ್ಟು, ಅವು ತಾವಾಗಿ ನಿಂತ ಮೇಲೆ ಹೆಗಲು ತೆಗೆಯುವ ಈ ಕಸುಬಿಗೆ ಕರ್ನಾಟಕದಲ್ಲಿ ನಾಲ್ಕು ದಶಕದ ಚರಿತ್ರೆಯಿದೆ.

ಮುರಿದ ಸಂಘದಿಂದ ಹುಟ್ಟಿದ ಪಾಠ

ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಶುರುವಾದ ಸಂಸ್ಥೆ ಮೈರಾಡ. ಆಮೇಲೆ ಅದು ಹಳ್ಳಿಯ ಬಡವರ ಕಡೆ ತಿರುಗಿತು. ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಒಡೆದವು. ಆಗ ಸಣ್ಣ ಸಣ್ಣ ಗುಂಪಾಗಿ ಬಂದ ಸದಸ್ಯರು, ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ, ನಿಮಗೆ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಮೈರಾಡ. ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ ಸೇರಿದರೆ ಸಾಕು ಎಂಬುದು ಅಲ್ಲಿ ಕಂಡ ಸತ್ಯ.

ಸಂಸ್ಥೆಯನ್ನು ಆಗ ಮುನ್ನಡೆಸುತ್ತಿದ್ದವರು ಅಲೋಷಿಯಸ್ ಫರ್ನಾಂಡಿಸ್. 1987ರಲ್ಲಿ ನಬಾರ್ಡ್ ಕೊಟ್ಟ 10 ಲಕ್ಷ ರೂಪಾಯಿಯನ್ನು ಇಂಥ ಗುಂಪುಗಳ ತರಬೇತಿಗೆ, ಅವು ಉಳಿಸಿದ ಹಣಕ್ಕೆ ಸಮನಾಗಿ ಸೇರಿಸುವುದಕ್ಕೆ ಬಳಸಲಾಯಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ನಬಾರ್ಡ್ ಕೈಹಾಕಿತು. ಇಂದು ದೇಶದ ಉದ್ದಗಲಕ್ಕೂ ಹರಡಿರುವ ಸ್ವಸಹಾಯ ಸಂಘಗಳ ಬೇರು ಇಲ್ಲಿದೆ. 2000ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ ಯೋಜನೆ. ಸಂಘ ಕಟ್ಟುವುದು ಸಲೀಸಾಯಿತು. ಕಟ್ಟಿದ್ದನ್ನು ನಡೆಸಲು ಕಲಿಸುವವರು ಬೇಕಾದರು.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ನಾಲ್ಕೂ ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಕಾಗದದಲ್ಲಿ ಒಂದು, ನೆಲದಲ್ಲಿ ನಾಲ್ಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರಕ್ಕೆ ಹೋಗುತ್ತದೆ. ಶಿರಾದ ಗೊಲ್ಲರಹಟ್ಟಿಗಳಲ್ಲಿ ಕುರಿಯೇ ಬದುಕು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತಿದರೆ ನಡುವೆ ಆಂಧ್ರದ ನೆಲ ದಾಟಬೇಕು. ಪಾವಗಡದಲ್ಲಿ ಸಭೆ ಕನ್ನಡದಲ್ಲಿ ಶುರುವಾಗಿ, ಬಿಸಿ ಏರಿದಂತೆ ತೆಲುಗಿಗೆ ಹೊರಳುತ್ತದೆ. ಬೆಂಗಳೂರಿನಲ್ಲಿ ಅಚ್ಚಾದ ತರಬೇತಿ ಕೈಪಿಡಿಗೆ ಈ ಹೊರಳು ಗೊತ್ತಿರುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇರುವ ಊರಲ್ಲಿ ಉಳಿತಾಯದ ಪಾಠಕ್ಕಿಂತ ಮೊದಲು ಬರುವುದು ಮಂಡಿ ನೋವಿನ ಮಾತು.

ಬರದ ಸೀಮೆಯಾದ್ದರಿಂದ ಯೋಜನೆಗಳಿಗೆ ಬರವಿಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2001ರಲ್ಲಿ ಆರಂಭವಾದಾಗ ಆಯ್ದ ಐದು ಜಿಲ್ಲೆಗಳಲ್ಲಿ ತುಮಕೂರೂ ಒಂದು. ಮರುವರ್ಷವೇ ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಅಭಿವೃದ್ಧಿ ಯೋಜನೆ, ಅದರಲ್ಲೂ ತುಮಕೂರು. ಎರಡರಲ್ಲೂ ಹಣ ಸರ್ಕಾರದ್ದು, ಗುಂಪು ಹಳ್ಳಿಯದು, ನಡುವಿನ ಕೊಂಡಿ ಸ್ವಯಂಸೇವಾ ಸಂಸ್ಥೆಯದು. ಸುಜಲದ ಮೌಲ್ಯಮಾಪನಕ್ಕೆ ಇಸ್ರೋದ ಆಂಟ್ರಿಕ್ಸ್ ಉಪಗ್ರಹ ಚಿತ್ರ ಬಳಸಿತು. ಬದು ಹಾಕಿದ ಹೊಲ ಎಷ್ಟು ಹಸಿರಾಯಿತು ಎಂದು ಆಕಾಶದಿಂದ ಅಳೆಯಬಹುದು. ಆ ಬದುವಿಗೆ ಒಪ್ಪಿಗೆ ಯಾರದಿತ್ತು ಎಂಬುದು ನಡಾವಳಿ ಪುಸ್ತಕದಲ್ಲೇ ಸಿಗಬೇಕು.

ರಂಗೋಲಿಯಲ್ಲಿ ಊರು

ಈ ಕಸುಬಿನ ಮುಖ್ಯ ಸಲಕರಣೆ ರಂಗೋಲಿ ಪುಡಿ. ದೇವಸ್ಥಾನದ ಮುಂದಿನ ಬಯಲಲ್ಲಿ ಊರಿನವರೇ ಊರಿನ ನಕ್ಷೆ ಬಿಡಿಸುತ್ತಾರೆ. ಮನೆಗೆ ಇಟ್ಟಿಗೆ ಪುಡಿ, ಮರಕ್ಕೆ ಹೊಂಗೆ ಸೊಪ್ಪು. ಗಂಡಸರು ಕೆರೆ, ಗುಡಿ, ರಸ್ತೆಯಿಂದ ಶುರು ಮಾಡಿದರೆ ಹೆಂಗಸರು ನಲ್ಲಿ, ಸೌದೆಯ ದಾರಿ, ಅಂಗನವಾಡಿಯಿಂದ ಶುರು ಮಾಡುತ್ತಾರೆ. ಎರಡು ನಕ್ಷೆ ಅಕ್ಕಪಕ್ಕ ಇಟ್ಟಾಗ ಅವು ಒಂದೇ ಊರಿನವೇ ಎಂದು ಅವರೇ ಬೆರಗಾಗುತ್ತಾರೆ. ಯುಗಾದಿಯಿಂದ ಯುಗಾದಿಗೆ ಗೆರೆ ಎಳೆದು, ಯಾವ ತಿಂಗಳು ಕೈಯಲ್ಲಿ ಕಾಸಿಲ್ಲವೋ ಅಲ್ಲಿ ಹುಣಸೆ ಬೀಜ ಇಡಿಸುತ್ತಾರೆ. ಬೀಜ ಗುಡ್ಡೆಯಾದ ಕಡೆಯೇ ಬೆಂಗಳೂರಿಗೆ ಗುಳೆ ಹೋಗುವ ಕಾಲ.

ಸಹಭಾಗಿತ್ವದ ಈ ಸಮೀಕ್ಷೆಗೆ ಪಿಆರ್‌ಎ ಎಂದು ಹೆಸರು. ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1989ರಲ್ಲಿ ಭಾರತಕ್ಕೆ ಬಂದು ನೆಲೆಸಿದ್ದ ದಿನಗಳಲ್ಲಿ ಇದಕ್ಕೆ ರೂಪ ಬಂದದ್ದರಲ್ಲಿ ಮೈರಾಡದ ಕಾರ್ಯಕರ್ತರ ಪಾಲು ದೊಡ್ಡದು. ವಿಧಾನದ ಗುಟ್ಟು ಇಷ್ಟೆ: ಸೀಮೆಸುಣ್ಣವೋ ಕಡ್ಡಿಯೋ, ಅದು ಊರಿನವರ ಕೈಯಲ್ಲಿರಬೇಕು. ಮೇಷ್ಟ್ರ ಕೈ ಬೆನ್ನ ಹಿಂದೆ.

ಕೇಳದೆ ಕಟ್ಟಿದ್ದು

ಕೈ ಬೆನ್ನ ಹಿಂದೆ ಇಲ್ಲದಿದ್ದರೆ ಏನಾಗುತ್ತದೆ? ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಗುಡಿಸಲಲ್ಲಿ ಇರಿಸುವ ಸೂತಕದ ಪದ್ಧತಿಯಿತ್ತು. ಮಳೆ, ಹಾವು, ಚಳಿಯಿಂದ ಅವರನ್ನು ಕಾಪಾಡಲೆಂದು ಸರ್ಕಾರ ‘ಕೃಷ್ಣ ಕುಟೀರ’ ಕಟ್ಟಿಸಿತು. ಆಶಯ ಒಳ್ಳೆಯದೇ. ಆದರೆ ಸೂತಕಕ್ಕೇ ಗಾರೆಯ ಗೋಡೆ ಸಿಕ್ಕಿತು ಎಂಬ ಟೀಕೆ ಬಂತು.

ಪಾವಗಡದ ಸೋಲಾರ್ ಪಾರ್ಕ್ ಇನ್ನೊಂದು ಬಗೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಭೂಮಿ ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದದ್ದು ದೇಶವೇ ಗಮನಿಸಿದ ಮಾದರಿ. ಪಹಣಿ ಇದ್ದವರಿಗೆ ಬಾಡಿಗೆ ಬಂತು. ಪಹಣಿ ಇಲ್ಲದ ಕೂಲಿಯವರಿಗೆ ಕಡಲೆಕಾಯಿ ಕೀಳುವ ಕೆಲಸವೂ ಹೋಯಿತು. ‘ಚಾಪೆಯ ಮೇಲೆ ಯಾರು ಕೂತಿಲ್ಲ?’ ಎಂಬುದು ಈ ಕಸುಬಿನ ಮೊದಲ ಪ್ರಶ್ನೆ. ಅದನ್ನು ಕೇಳಬೇಕಾದದ್ದು ಒಪ್ಪಂದಕ್ಕೆ ಮೊದಲು.

ಕಾಗದದ ಕಾಡು

ಊರಿನ ಕೆಲಸ ಅರ್ಧ, ಕಾಗದದ ಕೆಲಸ ಅರ್ಧ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ಪ್ರತಿವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಆದಾಯ ತೆರಿಗೆ ರಿಯಾಯಿತಿಯ ನೋಂದಣಿಗಳನ್ನು ಈಗ ಅವಧಿಗೊಮ್ಮೆ ನವೀಕರಿಸಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಪಡೆಯಲು 2021ರಿಂದ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. 2020ರ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿಯಂತೂ ಸಣ್ಣವರ ಬುಡಕ್ಕೇ ಬಂತು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಇಪ್ಪತ್ತು ಹಳ್ಳಿಯಲ್ಲಿ ಒಳ್ಳೆಯ ಹೆಸರಿದ್ದು, ಇಂಗ್ಲಿಷ್ ಅರ್ಜಿ ತುಂಬಲಾಗದೆ ಬಾಗಿಲು ಹಾಕುವ ಸಂಸ್ಥೆಗೆ ಬೇಕಾದದ್ದು ಹಣಕ್ಕಿಂತ ಮೊದಲು ಲೆಕ್ಕ ಬಲ್ಲ ಒಬ್ಬ ಸ್ನೇಹಿತ.

ಸ್ನೇಹಿತರಲ್ಲೂ ಎರಡು ತರ. ಪ್ರಸ್ತಾವನೆ ಬರೆದುಕೊಟ್ಟು ಶುಲ್ಕ ಪಡೆದು ಹೋಗುವವರು ಒಂದು. ಪಕ್ಕದಲ್ಲಿ ಕೂತು ಬರೆಸುವವರು ಇನ್ನೊಂದು. ಬರೆದುಕೊಟ್ಟರೆ ಎರಡು ದಿನದ ಕೆಲಸ, ಬರೆಸಿದರೆ ಎರಡು ತಿಂಗಳು. ಬರೆದುಕೊಟ್ಟ ಪ್ರಸ್ತಾವನೆಗೆ ಹಣ ಬಂದಾಗ, ಅದರಲ್ಲಿ ಏನು ಮಾಡುತ್ತೇವೆಂದು ಹೇಳಿದ್ದೆವು ಎಂಬುದು ಸಂಸ್ಥೆಗೇ ಗೊತ್ತಿರುವುದಿಲ್ಲ.

ಸಂಘವೇ ಸಂಬಳ ಕೊಟ್ಟಾಗ

ಮೈರಾಡ ಕಂಡುಕೊಂಡ ದಾರಿ ಸಮುದಾಯ ನಿರ್ವಹಿತ ಸಂಪನ್ಮೂಲ ಕೇಂದ್ರ. ಸುತ್ತಲಿನ ನೂರರಷ್ಟು ಸಂಘಗಳು ಸೇರಿ ಕೇಂದ್ರ ನಡೆಸುತ್ತವೆ, ಶುಲ್ಕ ಕಟ್ಟುತ್ತವೆ. ಲೆಕ್ಕ ತಪಾಸಣೆ, ತರಬೇತಿ, ಬ್ಯಾಂಕಿನ ಓಡಾಟದ ಸೇವೆಯನ್ನು ಕೊಳ್ಳುತ್ತವೆ. ದಾನಿ ಕೊಟ್ಟ ಸಲಹೆಗೆ ತಲೆಯಾಡಿಸುತ್ತಿದ್ದ ಹೆಂಗಸರು, ತಾವು ದುಡ್ಡು ಕೊಟ್ಟ ಸಲಹೆಯನ್ನು ಪ್ರಶ್ನಿಸತೊಡಗುತ್ತಾರೆ.

ಅದು ಪುಸ್ತಕದಲ್ಲೂ ಕಾಣುತ್ತದೆ. ಮೊದಲ ವರ್ಷದ ಪುಟಗಳಲ್ಲಿ ಸಂಸ್ಥೆಯ ಕಾರ್ಯಕರ್ತರ ಒರಟು ಅಕ್ಷರ, ಸಾಲು ಸಾಲಿಗೂ ‘ಮೇಷ್ಟ್ರು ತಿಳಿಸಿದರು’. ಎರಡನೆಯ ವರ್ಷ, ಹೈಸ್ಕೂಲು ಓದುವ ಮಗಳೊಬ್ಬಳ ದುಂಡಗಿನ ಕೈಬರಹ. ಮೇಷ್ಟ್ರ ಹೆಸರು ‘ಹಾಜರಿದ್ದವರು’ ಪಟ್ಟಿಗೆ ಇಳಿದಿದೆ. ಇನ್ನೂ ಮುಂದೆ ಹೋದರೆ ಕಾಟು ಹೊಡೆದ, ಮತ್ತೆ ಬರೆದ ಸಾಲುಗಳು: ಇಂಥವಳು ಒಪ್ಪಲಿಲ್ಲ, ಮುಂದಿನ ವಾರಕ್ಕೆ ಹಾಕಿದೆ. ಕಸುಬು ಬಲ್ಲ ಮೇಷ್ಟ್ರು ಆ ಪುಟಗಳಲ್ಲಿ ತಮ್ಮ ಹೆಸರು ಹುಡುಕಿ, ಸಿಗದೆ, ಪುಸ್ತಕ ಮಡಚಿ ಪೆಟ್ಟಿಗೆಗೆ ಇಡುತ್ತಾರೆ. ಮಧುಗಿರಿಯ ಕೊನೆ ಬಸ್ಸಿಗೆ ಹೊತ್ತಾಗಿರುತ್ತದೆ.